ದೊಡ್ಡಕ್ಷರದ ದೊಡ್ಡಸ್ತಿಕೆ

ಸಾಗರದ ಬಿ.ಎಚ್. ರಸ್ತೆ ಇರಲಿ, ತೀರ್ಥಹಳ್ಳಿಯ ಆಜಾದ್ ರಸ್ತೆ ಇರಲಿ, ಹೊಸನಗರದ ಬಸ್ ನಿಲ್ದಾಣದ ಆಸುಪಾಸು ಇರಲಿ, ಇಂಗ್ಲಿಷ್ ಬರಹ ಕಂಡಲ್ಲೆಲ್ಲ ಒಂದೇ ವೇಷ. ಇಡೀ ವಾಕ್ಯ ದೊಡ್ಡ ಎಬಿಸಿಡಿಯಲ್ಲಿರುತ್ತದೆ, ಇಲ್ಲವೇ ಪ್ರತಿ ಪದದ ತಲೆಗೂ ಒಂದೊಂದು ದೊಡ್ಡಕ್ಷರ ಕೂತಿರುತ್ತದೆ. ಅಂಗಡಿಯ ಹೆಸರಷ್ಟೇ ಹಾಗಿದ್ದರೆ ನನ್ನ ತಕರಾರಿಲ್ಲ. ಶಾಲೆಯ ಸೂಚನಾಪತ್ರ, ಸೊಸೈಟಿಯ ವಾರ್ಷಿಕ ಸಭೆಯ ತಿಳಿವಳಿಕೆ, ಮದುವೆ ಕರೆಯೋಲೆಯ ಇಂಗ್ಲಿಷ್ ಪುಟ, ಹೋಂಸ್ಟೇ ಗೋಡೆಗೆ ಅಂಟಿಸಿದ ನಿಯಮಗಳು, ಹೈಸ್ಕೂಲು ಮಕ್ಕಳ ಪ್ರಾಜೆಕ್ಟ್ ಪುಸ್ತಕ, ಎಲ್ಲವೂ ಹಾಗೇ ಬರುತ್ತಿವೆ. ಯಾಕೆ ಎಂದು ಕೇಳಿ ನೋಡಿ. "ದೊಡ್ಡಕ್ಷರದಲ್ಲಿ ಇದ್ರೆ ಒಂದು ತೂಕ ಇರ್ತದೆ", "ಹೆಸರಿಗೆ ಮರ್ಯಾದೆ ಕಾಣ್ತದೆ", "ಎಲ್ಲರಿಗೂ ಓದ್ಲಿಕ್ಕೆ ಸುಲಭ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಲಿತವರೂ ಇದನ್ನೇ ಹೇಳುತ್ತಾರೆ, ಕಲಿಸುವವರೂ ಇದನ್ನೇ ಹೇಳುತ್ತಾರೆ.

ಈ ನಂಬಿಕೆ ತಪ್ಪು. ದೊಡ್ಡಕ್ಷರವೆಂಬುದು ಗೌರವದ ಗುರುತಲ್ಲ, ಅದಕ್ಕೊಂದು ಕೆಲಸವಿದೆ. ವಾಕ್ಯ ಎಲ್ಲಿ ಶುರುವಾಯಿತು, ಯಾವ ಪದ ಒಬ್ಬ ವ್ಯಕ್ತಿಯ ಅಥವಾ ಒಂದೂರಿನ ಹೆಸರು ಎಂದು ಓದುವವರಿಗೆ ತಿಳಿಸುವ ಕೆಲಸ ಅದು. ಎಲ್ಲ ಪದಕ್ಕೂ ಅದನ್ನು ಹಚ್ಚಿದರೆ ಆ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಇದರಿಂದ ಇಂಗ್ಲಿಷ್ ಕೆಡುತ್ತದೆ ಎಂಬುದು ಒಂದು ಮಾತು. ಇದೇ ಚಾಳಿ ಕನ್ನಡ ಬರಹಕ್ಕೂ ಅಂಟಿಕೊಂಡು, "ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಇಲ್ಲ, ಅದೊಂದು ಕೊರತೆ" ಎಂದು ನಮ್ಮವರೇ ನಂಬುವ ಹಾಗಾಗಿದೆ ಎಂಬುದು ಇನ್ನೊಂದು. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯದು. ಆದರೆ ಮೊದಲನೆಯದನ್ನು ಬಿಡಿಸದೆ ಎರಡನೆಯದಕ್ಕೆ ಹೋಗಲಾಗದು.

ನಂಬಿಕೆ ಹುಟ್ಟಿದ್ದು ಎಲ್ಲಿ ಎಂದು ಹುಡುಕಿದರೆ ಮೊದಲು ಸಿಗುವುದು ಒಂದನೇ ತರಗತಿ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೂ ಮುಂಚೆ ಐದನೇ ತರಗತಿಯಲ್ಲಿ ಶುರು ಮಾಡಿದವರಿಗೂ ಮೊದಲು ತಿದ್ದಿಸಿದ್ದು ದೊಡ್ಡ ಎಬಿಸಿಡಿಯನ್ನೇ. ಗೆರೆ ನೇರ, ಬರೆಯಲು ಸುಲಭ ಎಂಬ ಕಾರಣಕ್ಕೆ ಅದು ಮೊದಲು ಬರುತ್ತದೆ. ಸಣ್ಣ ಎಬಿಸಿಡಿ ಆಮೇಲೆ, ನಾಲ್ಕು ಗೆರೆ ಕಾಪಿಯಲ್ಲಿ. ಮೊದಲು ಕಲಿತದ್ದೇ ಮುಖ್ಯ, ದೊಡ್ಡದಾಗಿ ಕಾಣುವುದೇ ಶ್ರೇಷ್ಠ ಎಂದು ಮಗುವಿನ ಮನಸ್ಸಿನಲ್ಲಿ ಕೂತದ್ದು ಮುಂದೆ ಅಳಿಸುವುದೇ ಇಲ್ಲ.

ಎರಡನೆಯ ಮೂಲ ಟೆಲಿಗ್ರಾಂ. ಮಲೆನಾಡಿನ ಮನೆಗೆ ತಾರು ಬಂತೆಂದರೆ ಸಾವಿನ ಸುದ್ದಿ ಇರಬೇಕು, ಇಲ್ಲವೇ ನೌಕರಿಯ ಸುದ್ದಿ. ಅದರಲ್ಲಿ ಇದ್ದದ್ದೆಲ್ಲ ದೊಡ್ಡಕ್ಷರ. ಹೀಗಾಗಿ ದೊಡ್ಡಕ್ಷರವೆಂದರೆ ತುರ್ತು, ಸರ್ಕಾರಿ, ಗಂಭೀರ ಎಂಬ ಅರ್ಥ ತಾನಾಗಿ ಬೆಳೆಯಿತು. ಟೆಲಿಪ್ರಿಂಟರ್ ಯಂತ್ರ ಹಾಗೆ ಮುದ್ರಿಸುತ್ತಿದ್ದುದಕ್ಕೆ ಗಾಂಭೀರ್ಯ ಕಾರಣವಾಗಿರಲಿಲ್ಲ. ಅದರ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಐದು ಬಿಟ್ ಮಾತ್ರ. ಐದು ಬಿಟ್‌ಗಳಿಂದ 32 ಬಗೆಯ ಗುರುತುಗಳಷ್ಟೇ ಹುಟ್ಟುತ್ತವೆ. 26 ಅಕ್ಷರ, ಖಾಲಿ ಜಾಗ, ಸಾಲು ಬದಲಿಸುವ ಆಜ್ಞೆ, ಅಂಕಿಗಳ ಕಡೆಗೆ ಹೊರಳುವ ಆಜ್ಞೆ ಇವಿಷ್ಟಕ್ಕೇ ಅದು ತುಂಬಿಹೋಗುತ್ತಿತ್ತು. ಸಣ್ಣಕ್ಷರಕ್ಕೆ ಜಾಗವೇ ಇರಲಿಲ್ಲ. ಯಂತ್ರದ ಬಡತನವನ್ನು ನಾವು ಬರಹದ ಘನತೆ ಎಂದು ತಿಳಿದೆವು. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಅದು ಬಿಟ್ಟುಹೋದ ಅಭ್ಯಾಸ ನಮ್ಮ ಫ್ಲೆಕ್ಸ್‌ಗಳಲ್ಲಿ, ವಾಟ್ಸ್ಯಾಪ್ ಸಂದೇಶಗಳಲ್ಲಿ ಇವತ್ತಿಗೂ ನಡೆಯುತ್ತಿದೆ.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯೂ ಇದೇ ಟೆಲಿಪ್ರಿಂಟರ್ ಕಾಲದ ಅಭ್ಯಾಸದಿಂದ ತನ್ನ ಮುನ್ಸೂಚನೆಗಳನ್ನು ದಶಕಗಟ್ಟಲೆ ಪೂರ್ತಿ ದೊಡ್ಡಕ್ಷರದಲ್ಲೇ ಕೊಡುತ್ತಿತ್ತು. 2016ರ ಮೇ 11ರಿಂದ ಅದನ್ನು ಬಿಟ್ಟಿತು. ಯಂತ್ರಗಳೆಲ್ಲ ಬದಲಾದ ಮೇಲೆ ಹಾಗೆ ಬರೆಯಲು ಕಾರಣ ಉಳಿದಿರಲಿಲ್ಲ. ದೊಡ್ಡಕ್ಷರವನ್ನು ನಿಜವಾದ ಅಪಾಯದ ಎಚ್ಚರಿಕೆಗೆ ಮೀಸಲಿಡುವ ಅವಕಾಶವೂ ಹೀಗೆ ಸಿಕ್ಕಿತು. ಪ್ರತಿದಿನದ ಮೋಡ-ಮಳೆಯ ವರದಿಯೂ ಬಿರುಗಾಳಿಯ ಎಚ್ಚರಿಕೆಯೂ ಒಂದೇ ದನಿಯಲ್ಲಿ ಬಂದರೆ ಕೇಳುವವನಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

ದೊಡ್ಡಕ್ಷರದ ಕೆಲಸ ಏನೆಂದು ತಿಳಿಯಲು ನಮ್ಮ ಜೋಗಕ್ಕೆ ಹೋದರೆ ಸಾಕು. ಸಾಗರ ತಾಲ್ಲೂಕಿನ ಅಂಚಿನಲ್ಲಿ ಶರಾವತಿ 253 ಮೀಟರ್ ಧುಮುಕುವಾಗ ನಾಲ್ಕು ಕವಲಾಗುತ್ತಾಳೆ: ರಾಜಾ, ರೋರರ್, ರಾಕೆಟ್, ರಾಣಿ. ಇವುಗಳಲ್ಲಿ ನಡುವಿನ ಎರಡು ಹೆಸರು ಇಂಗ್ಲಿಷಿನ ಸಾಮಾನ್ಯ ಪದಗಳು. ಸಣ್ಣ ಆರ್‌ನಿಂದ ಶುರುವಾದರೆ ರೋರರ್ ಎಂದರೆ ಗರ್ಜಿಸುವ ಯಾವುದೋ ಒಂದು, ರಾಕೆಟ್ ಎಂದರೆ ಆಕಾಶಕ್ಕೆ ಹಾರುವ ಯಾವುದೋ ಒಂದು. ದೊಡ್ಡ ಆರ್‌ನಿಂದ ಶುರುವಾದರೆ ಅವು ಜೋಗದ ಆ ಎರಡು ಧಾರೆಗಳೇ, ಬೇರೆ ಯಾವುವೂ ಅಲ್ಲ. ಒಂದೇ ಒಂದು ಅಕ್ಷರದ ಎತ್ತರದಿಂದ ಇಷ್ಟು ದೊಡ್ಡ ಅರ್ಥಭೇದ ಆಗುತ್ತದೆ. ಈಗ ಜೋಗದ ಬಗ್ಗೆ ಒಂದು ಪ್ಯಾರಾ ಬರೆದು ಅದರ ಪ್ರತಿ ಪದಕ್ಕೂ ದೊಡ್ಡಕ್ಷರ ಇಡಿ. ಧಾರೆಯ ಹೆಸರೂ, "ನೀರು" "ಬಂಡೆ" "ಮಂಜು" ಎಂಬ ಪದಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ಮೊದಲ ಸಲ ಬಂದ ಪ್ರವಾಸಿಗೆ ಯಾವುದು ಹೆಸರು, ಯಾವುದು ಮಾತು ಎಂದು ಗೊತ್ತಾಗುವುದಿಲ್ಲ. ಹೆಸರಿಗೆ ಮರ್ಯಾದೆ ಕೊಡಲು ಹೊರಟವರು ಹೆಸರಿನ ಗುರುತನ್ನೇ ಕಿತ್ತುಕೊಂಡಂತಾಯಿತು.

ಸಾಗರದ ಅಡಿಕೆ ಮಂಡಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ದರ್ಜೆಯಿಂದ ಕೆಳಗಿನದರವರೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಇಡುವುದರಿಂದಲೇ ಅಲ್ಲಿ ಸರಕಿಗೆ ಸರಕಿನ ಧಾರಣೆ ಸಿಗುತ್ತದೆ. ಎಲ್ಲ ಚೀಲದ ಮೇಲೂ ಸರಕು ಎಂದೇ ಚೀಟಿ ಅಂಟಿಸಿದರೆ ಗೊರಬಲಿನ ಬೆಲೆ ಏರುವುದಿಲ್ಲ, ಚೀಟಿಯನ್ನು ನಂಬುವವರು ಇಲ್ಲವಾಗುತ್ತಾರೆ.

"ಓದಲು ಸುಲಭ" ಎಂಬ ವಾದಕ್ಕೆ ಬರುತ್ತೇನೆ. ಇದು ಊಹೆಯಲ್ಲಿ ತೀರ್ಮಾನವಾಗಬೇಕಾದ ವಿಷಯವಲ್ಲ, ಅಳೆದು ನೋಡಿದವರಿದ್ದಾರೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಮೈಲ್ಸ್ ಟಿಂಕರ್ 1920ರ ದಶಕದಿಂದ ಮುಂದೆ ಹಲವು ವರ್ಷ ಮುದ್ರಿತ ಬರಹದ ಓದನ್ನು ಪರೀಕ್ಷಿಸಿದರು. ಪೂರ್ತಿ ದೊಡ್ಡಕ್ಷರದಲ್ಲಿ ಅಚ್ಚಾದ ಬರಹವನ್ನು ಓದುಗರು ಸಾಮಾನ್ಯ ಬರಹಕ್ಕಿಂತ ಸ್ಪಷ್ಟವಾಗಿ ನಿಧಾನವಾಗಿ, ಶೇ 10ರ ಆಸುಪಾಸಿನಷ್ಟು ಹಿಂದೆ ಬಿದ್ದು ಓದಿದರು ಎಂಬುದು ಅವರಿಗೆ ಸಿಕ್ಕ ಫಲಿತಾಂಶ. ನಾವು ಓದುವುದು ಬಹುಪಾಲು ಸಣ್ಣಕ್ಷರ, ಕಣ್ಣು ಪಳಗಿರುವುದೂ ಅದಕ್ಕೇ. ಸಣ್ಣಕ್ಷರದ ಸಾಲಿನಲ್ಲಿ ಕೆಲವು ಕಡ್ಡಿಗಳು ಮೇಲೆ ಏರುತ್ತವೆ, ಕೆಲವು ಕೆಳಗೆ ಇಳಿಯುತ್ತವೆ. ದೊಡ್ಡಕ್ಷರದ ಸಾಲು ಮೇಲೂ ಕೆಳಗೂ ಕತ್ತರಿಸಿದ ಹಾಗೆ ಒಂದೇ ಪಟ್ಟಿ. ಅದು ಜಾಗವನ್ನೂ ಹೆಚ್ಚು ತಿನ್ನುತ್ತದೆ, ಹಾಗಾಗಿ ಒಂದು ಸಾಲಿಗೆ ಹಿಡಿಸುವ ಮಾತು ಕಡಿಮೆಯಾಗಿ ಕಣ್ಣು ಹೆಚ್ಚು ಓಡಬೇಕಾಗುತ್ತದೆ.

ಬ್ರಿಟನ್ನಿನಲ್ಲಿ 1958ರಲ್ಲಿ ಪ್ರೆಸ್ಟನ್ ಬೈಪಾಸ್ ತೆರೆದಾಗ ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಸಿದ್ಧಪಡಿಸಿದ ಫಲಕಗಳಲ್ಲಿ ಊರ ಹೆಸರಿನ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದವು ಸಣ್ಣವು. ವೇಗವಾಗಿ ಹೋಗುವ ಚಾಲಕ ಅಕ್ಷರ ಕೂಡಿಸಿ ಓದುವುದಿಲ್ಲ, ಹೆಸರಿನ ಆಕಾರವನ್ನು ಗುರುತಿಸುತ್ತಾನೆ ಎಂಬುದು ಅವರ ತರ್ಕವಾಗಿತ್ತು. ದೊಡ್ಡಕ್ಷರವೇ ಬೇಕೆಂದು ಅಲ್ಲೂ ಜಗಳ ಎದ್ದಿತು. ಉಳಿದುಕೊಂಡದ್ದು ಕಿನಿಯರ್, ಕ್ಯಾಲ್ವರ್ಟರ ಪದ್ಧತಿ. ಮುಂದೆ ಇಡೀ ದೇಶದ ರಸ್ತೆಗಳಿಗೂ ಅದೇ ಬಂತು. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ ಇಳಿಯುವ ಚಾಲಕನ ಕಣ್ಣಿಗೆ ಆ ತರ್ಕ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನೀರಿಗೆ ಇಳಿಯಬೇಡಿ, ಬಂಡೆ ಜಾರುತ್ತದೆ, ಕತ್ತಲಾದ ಮೇಲೆ ಇಲ್ಲಿ ನಿಲ್ಲಬೇಡಿ ಎಂಬಂಥ ಜೀವ ಉಳಿಸುವ ಮಾತನ್ನು ಎಂಟು ಸಾಲಿನ ದೊಡ್ಡಕ್ಷರದ ಗೋಡೆಯಾಗಿ ನಿಲ್ಲಿಸಿದರೆ ಜನ ಅದನ್ನು ನೋಡುತ್ತಾರೆ, ಓದುವುದಿಲ್ಲ. ಓದಲೇಬೇಕಾದ ಬರಹವನ್ನು ಓದಲು ಅತಿ ಕಷ್ಟವಾದ ರೂಪದಲ್ಲಿ ಬರೆಯುತ್ತಿದ್ದೇವೆ.

ದೊಡ್ಡಕ್ಷರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಸರಿಯಾಗಿ ಸಲ್ಲುವ ಜಾಗಗಳಿವೆ, ಅವುಗಳಿಗೆ ಬಲವಾದ ಕಾರಣವೂ ಇದೆ. ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಚೌಕಕ್ಕೊಂದರಂತೆ ದೊಡ್ಡಕ್ಷರ ತುಂಬಲು ಹೇಳುವುದು ಕೈಬರಹ ಕೂಡಿಕೊಂಡು ಗೋಜಲಾಗದಿರಲಿ ಎಂದು. ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದುವ ಎರಡು ಸಾಲುಗಳಿವೆ, ಸಾಲಿಗೆ 44 ಗುರುತು. ಅಲ್ಲಿ ದೊಡ್ಡಕ್ಷರ, ಅಂಕಿ, ಒಂದು ಬಾಣದ ಗುರುತು ಬಿಟ್ಟು ಬೇರೇನೂ ಬರುವ ಹಾಗಿಲ್ಲ. ಔಷಧದ ಚೀಟಿಯನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ತನ್ನ ನಿಯಮಕ್ಕೆ ತಿದ್ದುಪಡಿ ತಂದಿತು. ಒಂದು ಮಾತ್ರೆಯ ಹೆಸರನ್ನು ಇನ್ನೊಂದೆಂದು ಓದಿದರೆ ಆಗುವ ಅನಾಹುತ ನೆನೆದರೆ ಇದು ಬೇಕೇ ಬೇಕು. ಅಡಿಕೆ ಸಹಕಾರ ಸಂಘಗಳಾದ ಮ್ಯಾಮ್‌ಕೋಸ್, ಆಪ್ಸ್‌ಕೋಸ್‌ಗಳಂತಹ ಸಂಕ್ಷಿಪ್ತ ಹೆಸರುಗಳನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲೇ ಬರೆಯುವುದು ರೂಢಿ. ಸಾಗರ ಜಂಬಗಾರು ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಮುಖ್ಯವಾಗಿ ಊರ ಹೆಸರಿರುತ್ತದೆ. ಒಂದೆರಡು ಪದಕ್ಕೆ ದೊಡ್ಡಕ್ಷರದಿಂದ ತೊಂದರೆಯಿಲ್ಲ, ದೂರದಿಂದ ಕಂಡರೆ ಒಳ್ಳೆಯದೇ. ಆದರೆ ಈ ಯಾವ ಜಾಗದಲ್ಲೂ ದೊಡ್ಡಕ್ಷರ ಮರ್ಯಾದೆಗಾಗಿ ಬಂದದ್ದಲ್ಲ ಎಂಬುದನ್ನು ಗಮನಿಸಿ. ಕೈಬರಹದ ಗೊಂದಲ, ಯಂತ್ರದ ಮಿತಿ, ಸಂಕ್ಷೇಪ, ದೂರ, ಇವೇ ಕಾರಣಗಳು. ಅರ್ಜಿಯ ಚೌಕದ ನಿಯಮವನ್ನು ತಂದು ಕರೆಯೋಲೆಯ ಮೇಲೆ ಹೇರಿದ್ದೇ ನಮ್ಮ ತಪ್ಪು.

ಇನ್ನು ಪ್ರತಿ ಪದದ ಮೊದಲಕ್ಷರವನ್ನು ಮಾತ್ರ ದೊಡ್ಡದು ಮಾಡುವ ಪದ್ಧತಿ. ಇಂಗ್ಲಿಷಿನಲ್ಲಿ ಅದಕ್ಕೊಂದು ಸ್ಥಾನವಿದೆ. ಪುಸ್ತಕದ ಹೆಸರು, ಲೇಖನದ ತಲೆಬರಹ, ಸಂಸ್ಥೆಯ ಪೂರ್ಣ ಹೆಸರು ಅದರ ಸ್ಥಾನಗಳು. ಅಲ್ಲೂ ಎಲ್ಲ ಪದಕ್ಕೆ ಸಲ್ಲುವುದಿಲ್ಲ. ಆಫ್, ಇನ್, ದ, ಆಂಡ್‌ನಂತಹ ಚಿಕ್ಕ ಪದಗಳು ನಡುವೆ ಬಂದರೆ ಸಣ್ಣಕ್ಷರದಲ್ಲೇ ಉಳಿಯುತ್ತವೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅನೇಕವು ತಲೆಬರಹಕ್ಕೂ ಅದನ್ನು ಬಿಟ್ಟು, ವಾಕ್ಯದಂತೆಯೇ ಮೊದಲ ಪದಕ್ಕೆ ಮತ್ತು ಹೆಸರುಗಳಿಗೆ ಮಾತ್ರ ದೊಡ್ಡಕ್ಷರ ಇಡುತ್ತವೆ. ತಲೆಬರಹ ಮುಗಿದು ಒಳಗಿನ ಬರಹ ಶುರುವಾದ ಮೇಲಂತೂ ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಹದಿನೇಳು, ಹದಿನೆಂಟನೆಯ ಶತಮಾನದ ಇಂಗ್ಲಿಷಿನಲ್ಲಿ ನಾಮಪದಗಳಿಗೆಲ್ಲ ದೊಡ್ಡಕ್ಷರ ಇಡುವ ಚಾಳಿ ಇತ್ತು, 1787ರ ಅಮೆರಿಕದ ಸಂವಿಧಾನದ ಮೂಲಪ್ರತಿ ನೋಡಿದರೆ ಅದು ಕಾಣುತ್ತದೆ. ಆಮೇಲೆ ಇಂಗ್ಲಿಷಿನವರು ಅದನ್ನು ಕೈಬಿಟ್ಟರು. ಡೆನ್ಮಾರ್ಕಿನವರು 1948ರ ಕಾಗುಣಿತ ಸುಧಾರಣೆಯಲ್ಲಿ ಬಿಟ್ಟರು. ಜರ್ಮನರು ಇಟ್ಟುಕೊಂಡಿದ್ದಾರೆ, ಅವರ ವ್ಯಾಕರಣದಲ್ಲಿ ಅದಕ್ಕೊಂದು ನಿಯಮವಿದೆ. ನಮ್ಮ ಕರೆಯೋಲೆಗಳಲ್ಲಿ, ಸೂಚನಾಪತ್ರಗಳಲ್ಲಿ ಇರುವುದು ಇವರಾರ ನಿಯಮವೂ ಅಲ್ಲ.

ಶಾಲೆಯಲ್ಲಿ ಇದರಿಂದ ಆಗುವ ನಷ್ಟ ಬೇರೆಯೇ ಬಗೆಯದು. ಮಗು ಉತ್ತರವನ್ನೆಲ್ಲ ದೊಡ್ಡಕ್ಷರದಲ್ಲಿ ಬರೆದರೆ "ಎಷ್ಟು ನೀಟಾಗಿದೆ" ಎಂದು ಮೆಚ್ಚುವ ಮೇಷ್ಟ್ರು, ಟೀಚರು ಇದ್ದಾರೆ. ಆ ಮಗುವಿಗೆ ವಾಕ್ಯ ಎಲ್ಲಿ ಶುರುವಾಗುತ್ತದೆಂದು ಗೊತ್ತೇ? ತುಂಗಾ ಎಂಬುದು ಒಂದು ನದಿಯ ಹೆಸರು, ನದಿ ಎಂಬುದು ಸಾಮಾನ್ಯ ಪದ ಎಂಬ ತಿಳಿವು ಇದೆಯೇ? ಆ ಉತ್ತರಪತ್ರಿಕೆ ನೋಡಿ ಯಾರೂ ಹೇಳಲಾರರು. ತಪ್ಪು ಮಾಡುವ ಅವಕಾಶವನ್ನೇ ತೆಗೆದುಹಾಕಿದರೆ ತಿದ್ದುವ ಅವಕಾಶವೂ ಹೋಯಿತು. ಹಳ್ಳಿ ಶಾಲೆಯ ಮಕ್ಕಳು ಮುಂದೆ ಪಟ್ಟಣದ ಕಾಲೇಜಿನಲ್ಲಿ, ಕಚೇರಿಯಲ್ಲಿ ಇದೇ ಕಾರಣಕ್ಕೆ ಮುಜುಗರ ಪಡುವುದನ್ನು ನಾನು ಕಂಡಿದ್ದೇನೆ. ಅವರು ಬರೆದ ವಿನಯದ ಪತ್ರ ಅಲ್ಲಿನವರಿಗೆ ಕಿರುಚಾಟದಂತೆ ಕೇಳುತ್ತದೆ. ಮಿಂಚಂಚೆಯ ಲೋಕದಲ್ಲಿ ಪೂರ್ತಿ ದೊಡ್ಡಕ್ಷರವೆಂದರೆ ದನಿ ಏರಿಸಿ ಮಾತಾಡಿದಂತೆ ಎಂಬ ತಿಳಿವಳಿಕೆ ಎಲ್ಲ ಕಡೆ ಇದೆ. ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾದದ್ದು ನಾವು, ಹೇಳಿಕೊಟ್ಟಿಲ್ಲ.

ಈಗ ಕನ್ನಡದ ಮಾತು. "ಇಂಗ್ಲಿಷಿನಲ್ಲಾದರೆ ಕ್ಯಾಪಿಟಲ್ ಹಾಕಿ ಎತ್ತಿ ತೋರಿಸಬಹುದು, ಕನ್ನಡದಲ್ಲಿ ಅದಿಲ್ಲವಲ್ಲ" ಎನ್ನುವವರು ಒಮ್ಮೆ ಹೊಂಬುಜಕ್ಕೆ ಹೋಗಿಬರಲಿ. ಹುಂಚ ಎಂದೂ ಕರೆಯುವ, ಹೊಸನಗರ ತಾಲ್ಲೂಕಿನ ಆ ಊರಿನಲ್ಲಿ ಸಾಂತರ ಅರಸರ ಕಾಲದ ಶಾಸನಗಳಿವೆ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ ಸಾಗರ, ಸೊರಬ, ಆಗ ನಗರ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಹೊಸನಗರ ಸೀಮೆ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿಗೇ ಮೀಸಲಾದದ್ದು. ಆ ಕಲ್ಲುಗಳಲ್ಲಿ ದೊಡ್ಡಕ್ಷರ ಇಲ್ಲದಿರುವುದು ಹಾಗಿರಲಿ, ಪದ ಪದದ ನಡುವೆ ಜಾಗವೂ ಇಲ್ಲ. ರಾಜನ ಹೆಸರಿನ ಅಕ್ಷರವೂ ಗಡಿಯ ಹುಣಸೆಮರದ ಅಕ್ಷರವೂ ಒಂದೇ ಗಾತ್ರ. ಹಾಗಿದ್ದೂ ಯಾರ ಘನತೆಗೂ ಕುಂದು ಬಂದಿಲ್ಲ. ಮೊದಲಿಗೆ ಸ್ವಸ್ತಿ, ಆಮೇಲೆ ಬಿರುದಾವಳಿ, ಆಮೇಲೆ ಹೆಸರು, ಆಮೇಲೆ ದಾನದ ವಿವರ, ಕೊನೆಗೆ ಅದನ್ನು ಅಳಿಸಿದವರಿಗೆ ಶಾಪ ಎಂಬ ಕ್ರಮದಲ್ಲೇ ಯಾವುದಕ್ಕೆ ಎಷ್ಟು ತೂಕ ಎಂಬುದು ನಿಗದಿಯಾಗಿರುತ್ತದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ ತಾಳೆಗರಿಗಳಲ್ಲೂ ಹಾಗೆಯೇ. ಕಂಟದ ಮೊನೆಯಿಂದ ಕೊರೆದ ಸಾಲುಗಳಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ನ್ಯಾಯ.

ಹಳೆಯ ಮಾತಾಯಿತು ಎನ್ನುವವರು ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಪಹಣಿ ತೆಗೆದು ನೋಡಲಿ. ಅದು ಕನ್ನಡದಲ್ಲಿದೆ, ಅದರಲ್ಲಿ ಕ್ಯಾಪಿಟಲ್ ಇಲ್ಲ. ತೋಟ, ಗದ್ದೆ, ಬೆಟ್ಟ ಎಲ್ಲವೂ ಆ ಕಾಗದದ ಮೇಲೆ ನಿಂತಿವೆ, ಬ್ಯಾಂಕು ಸಾಲ ಕೊಡುವುದೂ ಅದನ್ನೇ ನೋಡಿ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಎಂದು ನಾಲ್ಕು ದಿಕ್ಕು ಕ್ರಮವಾಗಿ ಬಂದರೆ ಸಾಕು, ಅಕ್ಷರ ಹಿಗ್ಗಿಸದೆಯೇ ಗಡಿ ಸ್ಪಷ್ಟವಾಗುತ್ತದೆ.

ಹೆಸರು ಯಾವುದು, ಸಾಮಾನ್ಯ ಪದ ಯಾವುದು ಎಂಬ ತೊಡಕು ಕನ್ನಡದಲ್ಲಿ ಇಲ್ಲವೇ? ಇದೆ. ಹೊಸನಗರ ತಾಲ್ಲೂಕಿನಲ್ಲೇ ನಗರ ಎಂಬ ಊರಿದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ಅದು. 1763ರಲ್ಲಿ ಹೈದರಾಲಿ ಗೆದ್ದು ಹೈದರ್ ನಗರ ಎಂದು ಕರೆದದ್ದು ಕೊನೆಗೆ ಬರೀ ನಗರವಾಗಿ ಉಳಿಯಿತು. "ನಗರಕ್ಕೆ ಹೋಗಿ ಬಂದೆ" ಎಂದರೆ ಆ ಭಾಗದವರಿಗೆ ಗೊಂದಲವೇ ಆಗುವುದಿಲ್ಲ. ಹೊರಗಿನವರಿಗಾಗಿ ಬರೆಯುವಾಗ ಬಿದನೂರು ನಗರ ಎಂದೋ ನಗರದ ಕೋಟೆ ಎಂದೋ ಒಂದು ಪದ ಸೇರಿಸಿದರೆ ಮುಗಿಯಿತು. ಮಾತಿಗೆ ಒತ್ತು ಕೊಡಬೇಕೆಂದರೆ ಅವಧಾರಣೆಯ "ಏ"ಕಾರ ಇದೆ. "ಅವನು ಬಂದ" ಎಂಬುದು "ಅವನೇ ಬಂದ" ಆದರೆ ಒತ್ತು ಎಲ್ಲಿ ಬಿತ್ತೆಂದು ಮಗುವಿಗೂ ಗೊತ್ತು. ಇಂಗ್ಲಿಷಿನವರು ಅಕ್ಷರ ಉಬ್ಬಿಸಿ ಮಾಡುವ ಕೆಲಸವನ್ನು ಕನ್ನಡ ಒಂದು ಪ್ರತ್ಯಯದಿಂದ, ಪದಗಳನ್ನು ಹಿಂದುಮುಂದು ಮಾಡುವುದರಿಂದ ಮುಗಿಸುತ್ತದೆ. ಅರಬ್ಬಿ, ಹೀಬ್ರೂ, ಚೀನೀ ಲಿಪಿಗಳಲ್ಲೂ, ನಮ್ಮ ದೇವನಾಗರಿ, ತಮಿಳು, ಮಲಯಾಳಂಗಳಲ್ಲೂ ದೊಡ್ಡ-ಸಣ್ಣ ಎಂಬ ಭೇದವಿಲ್ಲ. ಅವುಗಳಲ್ಲಿ ಬರೆದವರಿಗೆ ಏನೂ ಕಡಿಮೆಯಾಗಿಲ್ಲ.

ಸಂಕ್ಷಿಪ್ತ ಹೆಸರಿನ ವಿಷಯದಲ್ಲಂತೂ ಈ ಸೀಮೆಯವರು ಅಭಿಮಾನದಿಂದ ತಲೆ ಎತ್ತಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ ಕುವೆಂಪು ಆದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ ನೀನಾಸಂ ಆಯಿತು. ಎರಡೂ ಹೆಸರುಗಳು ಅಕ್ಷರದ ಗಾತ್ರವನ್ನು ನೆಚ್ಚಿಲ್ಲ. ಮೊದಲ ಅಕ್ಷರಗಳು ಕೂಡಿ ಬಾಯಲ್ಲಿ ಆಡುವ ಹೊಸ ಹೆಸರಾಗಿ ನಿಂತಿವೆ, ಚುಕ್ಕಿಯ ಹಂಗೂ ಇಲ್ಲದೆ.

ಇಷ್ಟು ಅನುಕೂಲವಿರುವ ಲಿಪಿಯ ಮೇಲೆ ನಾವು ಈಗ ಮಾಡುತ್ತಿರುವುದನ್ನು ನೋಡಿ. ದೊಡ್ಡಕ್ಷರ ಇಲ್ಲವೆಂದು ಪ್ರತಿ ಸಾಲನ್ನೂ ದಪ್ಪ ಮಾಡುತ್ತೇವೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬಂದಾಗ, ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ ನಡೆಯುವಾಗ ಏಳುವ ಫ್ಲೆಕ್ಸ್‌ಗಳಲ್ಲಿ ಸಾಲಿಗೊಂದು ಬಣ್ಣ, ಅಕ್ಷರಕ್ಕೊಂದು ನೆರಳು, ಮಾತು ಮಾತಿಗೂ ಮೂರು ಮೂರು ಆಶ್ಚರ್ಯಸೂಚಕ. ಶುಭಕೋರುವವರ ಇಪ್ಪತ್ತು ಹೆಸರೂ ಒಂದೇ ಗಾತ್ರದಲ್ಲಿ ದೇವಿಯ ಹೆಸರಿಗೆ ಸಮನಾಗಿ ನಿಲ್ಲುತ್ತವೆ. ಜಾತ್ರೆ ಯಾವ ದಿನ, ಉತ್ಸವ ಎಷ್ಟು ಹೊತ್ತಿಗೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹುಡುಕಿ ತೆಗೆಯಬೇಕು. ಇದೂ ಎಲ್ಲ ಪದಕ್ಕೂ ಕ್ಯಾಪಿಟಲ್ ಹಚ್ಚಿದ ರೋಗವೇ, ಕನ್ನಡದ ಮೈಯಲ್ಲಿ ಬಂದಿದೆ ಅಷ್ಟೇ.

ಕನ್ನಡದ ಕೀಲಿಮಣೆಯಲ್ಲಿ ಬೆರಳಾಡಿಸಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿ ಬಂದ, ನಾವೆಲ್ಲ ನುಡಿ ತಂತ್ರಾಂಶದಲ್ಲಿ ಬಳಸುವ ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿದರೆ "ತ" ಹೋಗಿ "ಥ" ಬರುತ್ತದೆ, "ನ" ಹೋಗಿ "ಣ", "ಲ" ಹೋಗಿ "ಳ". ಇಂಗ್ಲಿಷಿನವನಿಗೆ ಅದೇ ಅಕ್ಷರವನ್ನು ಎತ್ತರಿಸಿ ಕೊಡುವ ಕೀಲಿ ನಮಗೆ ಇನ್ನೊಂದು ಅಕ್ಷರವನ್ನೇ ಕೊಡುತ್ತದೆ. ನಮ್ಮ ಬರಹಕ್ಕೆ ಬೇಕಾದದ್ದು ಆ ಇನ್ನೊಂದು ಅಕ್ಷರ. "ಹಳ್ಳಿ"ಯಲ್ಲಿ "ಳ" ಸ್ಪಷ್ಟವಾಗಿರಬೇಕಾದದ್ದು ಮುಖ್ಯವೇ ಹೊರತು "ಹ" ದೊಡ್ಡದಾಗುವುದಲ್ಲ. ತೀರ್ಥಹಳ್ಳಿಯ ಹೆಸರನ್ನು ಇಂಗ್ಲಿಷ್ ಫಲಕಗಳಲ್ಲಿ ಎರಡು ಮೂರು ಬಗೆಯ ಕಾಗುಣಿತದಲ್ಲಿ ಬರೆಯುತ್ತಾರೆ. ಎಷ್ಟು ದೊಡ್ಡಕ್ಷರ ಹಚ್ಚಿದರೂ ಅದರಲ್ಲಿ "ತೀ"ಯ ದೀರ್ಘವೂ "ಳ್ಳಿ"ಯ ನಾಲಿಗೆಯೂ ಕಾಣುವುದಿಲ್ಲ.

ನಾಮಫಲಕದ ಕಾನೂನಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದು, ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು. ಒಳ್ಳೆಯದೇ ಆಯಿತು. ಆದರೆ ಬೋರ್ಡ್ ಬರೆಯುವವರಿಗೆ ಗೊತ್ತಿರುವ ಒಂದು ಸೂಕ್ಷ್ಮ ಉಂಟು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಬರಬೇಕು. ಅವಕ್ಕೆ ಜಾಗ ಬಿಟ್ಟಮೇಲೆ ನಡುವಿನ ಅಕ್ಷರ ಚಿಕ್ಕದಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ತನಗೆ ಸಿಕ್ಕ ಎತ್ತರವನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಹಾಗಾಗಿ ಶೇ 40ರ ಜಾಗದಲ್ಲಿ ಕೂತ ದೊಡ್ಡಕ್ಷರ ಶೇ 60ರ ಕನ್ನಡಕ್ಕಿಂತ ಜೋರಾಗಿ ಕಾಣುವುದು ಸಾಧ್ಯ, ಹಲವು ಫಲಕಗಳಲ್ಲಿ ಅದು ಕಾಣುತ್ತಲೂ ಇದೆ. ಅಳತೆಪಟ್ಟಿಯ ಪ್ರಕಾರ ಕಾನೂನು ಪಾಲನೆಯಾಗಿರುತ್ತದೆ, ಕಣ್ಣಿಗೆ ಮಾತ್ರ ಕನ್ನಡ ಕೆಳಗೇ ಬಿದ್ದಿರುತ್ತದೆ. ಕನ್ನಡದ ಮೇಲೆ ಕಾಳಜಿ ಇರುವವರು ಶೇಕಡಾವಾರಿನ ಜೊತೆಗೆ ಇದನ್ನೂ ನೋಡಬೇಕು. ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ಮೊದಲಕ್ಷರ ಮಾತ್ರ ದೊಡ್ಡದಿದ್ದರೆ ಮೇಲಿನ ಕನ್ನಡ ತಾನಾಗಿ ಎದ್ದು ಕಾಣುತ್ತದೆ.

ಕುಪ್ಪಳಿಯ ಕವಿಶೈಲದ ಬಂಡೆಯ ಮೇಲೆ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಈ ಮೂವರ ಸಹಿ ಕೊರೆದಿದೆ. ಅಲ್ಲಿಗೆ ಹೋದವರೆಲ್ಲ ಬಗ್ಗಿ ಅದನ್ನು ಓದುತ್ತಾರೆ. ಹೆಸರಿನ ಹಿಂದೆ ಬದುಕೂ ಬರಹವೂ ಇದ್ದರೆ ಜನ ಬಗ್ಗಿ ಓದುತ್ತಾರೆ, ಅಕ್ಷರ ಆಳೆತ್ತರ ಇರಬೇಕಾಗಿಲ್ಲ.

ಹಾಗಾಗಿ ಸಾಗರ, ತೀರ್ಥಹಳ್ಳಿ, ಹೊಸನಗರ ಈ ಮೂರೂ ತಾಲ್ಲೂಕಿನ ಅಚ್ಚುಕೂಟದವರಲ್ಲಿ, ಫ್ಲೆಕ್ಸ್ ಮಾಡುವವರಲ್ಲಿ, ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಪಂಚಾಯಿತಿಯ ಅಧ್ಯಕ್ಷರಲ್ಲಿ ನನ್ನ ಕೋರಿಕೆ ಇಷ್ಟು. ಅರ್ಜಿಯ ಚೌಕಗಳಲ್ಲಿ ದೊಡ್ಡಕ್ಷರ ಇರಲಿ, ಔಷಧದ ಚೀಟಿಯಲ್ಲಿ ಇರಲಿ, ಸಂಕ್ಷಿಪ್ತ ಹೆಸರಿನಲ್ಲಿ ಇರಲಿ. ಸೂಚನೆ, ಪತ್ರ, ಕರೆಯೋಲೆ, ಎಚ್ಚರಿಕೆಯ ಫಲಕಗಳಲ್ಲಿ ವಾಕ್ಯದ ಮೊದಲಕ್ಕೆ ಮತ್ತು ಹೆಸರಿಗೆ ಮಾತ್ರ ಇಡಿ. ಕನ್ನಡದಲ್ಲಿ ಬರೆಯುವಾಗ ಒಂದು ಸಾಲನ್ನು ದಪ್ಪ ಮಾಡಿ, ಉಳಿದವನ್ನು ಹಾಗೇ ಬಿಡಿ. ಮುಂದಿನ ಕರೆಯೋಲೆಯ ಪ್ರೂಫ್ ಕೈಗೆ ಬಂದಾಗ ಸಹಿ ಹಾಕುವ ಮೊದಲು ಇದೊಂದನ್ನು ತಿದ್ದಿ ಕೊಡಿ. ಅಚ್ಚಿನ ಮನೆಯವರು ಇದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವುದಿಲ್ಲ.